ಚಿಂತನೆ ಬತ್ತಿದ ಬಲಪಂಥ

(ಬೆಂಗಳೂರಿನ ಹೆಬ್ಬಾಳದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಬಲಪಂಥೀಯ ರಾಜಕೀಯದಲ್ಲಿ ಚಿಂತನೆಯ ಪರಂಪರೆ ಬತ್ತಿ ಹೋಯಿತೆಂದು ಮುಸ್ಲಿಮರೇಕೆ ತಲೆ ಕೆಡಿಸಿಕೊಳ್ಳಬೇಕು? ಎದುರು ಪಾಳಯದಲ್ಲಿ ವಿದ್ವಾಂಸರು ಕಡಿಮೆಯಾದರೆ ನಮಗೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ವಾಸ್ತವ ಬೇರೆಯೇ ಇದೆ. ಚಿಂತನೆ ಬತ್ತಿದ ಮಾತ್ರಕ್ಕೆ ಪಕ್ಷದ ಬಲ ಕುಂದಲಿಲ್ಲ, ಹೆಚ್ಚಿತು. ವಾದವಿರುವಲ್ಲಿ ಪ್ರತಿವಾದ ಹೂಡಬಹುದು. ವಾದವೇ ಇಲ್ಲದ ಕಡೆ ಉಳಿಯುವುದು ಘೋಷಣೆ ಮತ್ತು ಅದಕ್ಕೊಂದು ಗುರಿ. ಆ ಗುರಿ ಯಾರೆಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ.

ಮೊದಲು ಅಮೆರಿಕವನ್ನು ನೋಡೋಣ. 1953ರಲ್ಲಿ ರಸೆಲ್ ಕರ್ಕ್ ಎಂಬ ಲೇಖಕರು ಸಂಪ್ರದಾಯವಾದಿ ಚಿಂತನೆಯ ಇತಿಹಾಸವನ್ನು ದೊಡ್ಡ ಗ್ರಂಥವಾಗಿ ಬರೆದರು. 1955ರಲ್ಲಿ ವಿಲಿಯಂ ಬಕ್ಲಿಯವರು 'ನ್ಯಾಷನಲ್ ರಿವ್ಯೂ' ಪತ್ರಿಕೆಯನ್ನು ಆರಂಭಿಸಿದರು. ಅದು ಹುಟ್ಟಿನಿಂದಲೇ ನಿರ್ಮಲವಾಗಿತ್ತೆಂದಲ್ಲ. ಕರಿಯರಿಗೆ ಸಮಾನ ಹಕ್ಕು ನೀಡುವ ವಿಷಯದಲ್ಲಿ ಅದು 1957ರಲ್ಲಿ ತಳೆದ ನಿಲುವು ನಾಚಿಕೆಗೇಡಿನದಾಗಿತ್ತು. ಹಾಗಿದ್ದರೂ, ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಕಮ್ಯುನಿಸ್ಟರ ಕೈಗೊಂಬೆಯೆಂದು ಸಾರುತ್ತಿದ್ದ ಜಾನ್ ಬರ್ಚ್ ಸೊಸೈಟಿಯ ನಾಯಕನ ವಿರುದ್ಧ 1962ರಲ್ಲಿ ಅದೇ ಪತ್ರಿಕೆ ಬರೆಯಿತು. ಸುಳ್ಳು ಸುದ್ದಿ ಹಬ್ಬಿಸುವವನು ತಮ್ಮವನೇ ಆದರೂ ಅವನನ್ನು ಹೊರಗಿಡಬೇಕೆಂಬ ಒಂದು ಅಂಕೆ ಅಲ್ಲಿತ್ತು.

ಆಮೇಲೇನಾಯಿತು? 1995ರಲ್ಲಿ 'ವೀಕ್ಲಿ ಸ್ಟ್ಯಾಂಡರ್ಡ್' ಎಂಬ ಇನ್ನೊಂದು ಪತ್ರಿಕೆ ಹುಟ್ಟಿತು. ಅದರ ಸುತ್ತ ನೆರೆದಿದ್ದವರೆಲ್ಲ ಓದಿಕೊಂಡವರೇ. 2003ರ ಇರಾಕ್ ಯುದ್ಧಕ್ಕೆ ಲೇಖನಿಯಿಂದ ಹಾದಿ ಮಾಡಿಕೊಟ್ಟವರೂ ಇವರೇ. ಆದ್ದರಿಂದ ವಿದ್ವತ್ತು ಇದ್ದೊಡನೆ ನ್ಯಾಯವೂ ಇರುತ್ತದೆಂದು ನಂಬುವ ಸರಳತೆ ನಮಗೆ ಬೇಡ. ಬಗ್ದಾದಿನ ತಾಯಂದಿರ ಕಣ್ಣೀರಿನಲ್ಲಿ ಪಂಡಿತರ ಪಾಲೂ ಇದೆ. ಆ ಯುದ್ಧ ವಿಫಲವಾದಾಗ ಜನಸಾಮಾನ್ಯರು ಕಳೆದುಕೊಂಡದ್ದು ಯುದ್ಧದ ಮೇಲಿನ ನಂಬಿಕೆಯನ್ನು ಮಾತ್ರವಲ್ಲ, ಪಂಡಿತರ ಮೇಲಿನ ನಂಬಿಕೆಯನ್ನೂ ಕಳೆದುಕೊಂಡರು. 2016ರ ಜನವರಿಯಲ್ಲಿ 'ನ್ಯಾಷನಲ್ ರಿವ್ಯೂ' ಒಂದಿಡೀ ಸಂಚಿಕೆಯನ್ನೇ ಟ್ರಂಪ್ ವಿರುದ್ಧ ಹೊರತಂದಿತು. ಅವರ ಪಕ್ಷದ ಮತದಾರರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 'ವೀಕ್ಲಿ ಸ್ಟ್ಯಾಂಡರ್ಡ್' 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. 2020ರ ಚುನಾವಣೆಗೆ ರಿಪಬ್ಲಿಕನ್ ಪಕ್ಷ ಹೊಸ ಪ್ರಣಾಳಿಕೆಯನ್ನೇ ಬರೆಯಲಿಲ್ಲ. ಅಧ್ಯಕ್ಷರ ಕಾರ್ಯಸೂಚಿಗೆ ಬೆಂಬಲವೆಂದು ನಿರ್ಣಯಿಸಿ ಕೈತೊಳೆದುಕೊಂಡಿತು.

ಅಮೆರಿಕ ದೂರದ್ದು. ನಮ್ಮ ನಾಡಿನಲ್ಲಿ ಇಂತಹದೊಂದು ಪರಂಪರೆ ಇತ್ತೇ? ಇತ್ತು. ಇಲ್ಲಿಂದ ಬಸ್ಸು ಹತ್ತಿದರೆ ನರಸಿಂಹರಾಜ ಕಾಲೊನಿಯಲ್ಲಿ ಅದರ ಕುರುಹು ಕಾಣುತ್ತದೆ. ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅದು. ಮೆಟ್ರಿಕ್ಯುಲೇಷನ್ ಕೂಡಾ ತೇರ್ಗಡೆಯಾಗದಿದ್ದ ಈ ಮುಳಬಾಗಿಲಿನ ಬ್ರಾಹ್ಮಣ, ಪತ್ರಕರ್ತರಾಗಿ, ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ, ರಾಜ್ಯಶಾಸ್ತ್ರದ ಲೇಖಕರಾಗಿ ಒಂದು ತಲೆಮಾರಿಗೆ ನಾಗರಿಕ ಪ್ರಜ್ಞೆ ಕಲಿಸಿದರು. ಸ್ವಭಾವದಿಂದ ಅವರು ಸಂಪ್ರದಾಯಸ್ಥರು. ಬದಲಾವಣೆ ಬೇಡವೆನ್ನಲಿಲ್ಲ, ಅವಸರ ಬೇಡವೆಂದರು. 1970ರಲ್ಲಿ ಸನ್ಮಾನಿಸಿ ಅರ್ಪಿಸಿದ ಹಣವನ್ನು ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಪಕ್ಷ ಕಟ್ಟಲು ಹಣ ಸಂಗ್ರಹಿಸುವವರನ್ನು ನಾವು ದಿನವೂ ನೋಡುತ್ತೇವೆ. ಓದುವ ಕೊಠಡಿಗಾಗಿ ತನ್ನ ಸನ್ಮಾನದ ಹಣವನ್ನೇ ಕೊಡುವವರು ಎಷ್ಟು ಮಂದಿ?

ಇದು ವಿಚಾರದ ಮಾತಾಯಿತು. ಪಕ್ಷದ ರೂಪದಲ್ಲಿ ಈ ಧೋರಣೆ ಕಾಣಿಸಿಕೊಂಡದ್ದು ಸ್ವತಂತ್ರ ಪಕ್ಷದಲ್ಲಿ. 1959ರ ಜನವರಿಯಲ್ಲಿ ಕಾಂಗ್ರೆಸ್ ತನ್ನ ನಾಗಪುರ ಅಧಿವೇಶನದಲ್ಲಿ ಸಹಕಾರಿ ಬೇಸಾಯದ ನಿರ್ಣಯ ಅಂಗೀಕರಿಸಿತು. ಅದನ್ನು ವಿರೋಧಿಸಿ ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮೀನೂ ಮಸಾನಿ ಮೊದಲಾದವರು ಹೊಸ ಪಕ್ಷ ಕಟ್ಟಿದರು. ಹೊಸೂರು ಸೀಮೆಯ ರಾಜಾಜಿ ಓದಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ. ಅವರ 'ಸ್ವರಾಜ್ಯ' ಪತ್ರಿಕೆಯ ಸಂಪಾದಕರಾದ ಫಿಲಿಪ್ ಸ್ಪ್ರಾಟ್ ಅದಕ್ಕೆ ಮೊದಲು ಬೆಂಗಳೂರಿನಿಂದಲೇ 'ಮೈಸಿಂಡಿಯಾ' ವಾರಪತ್ರಿಕೆಯನ್ನು ನಡೆಸುತ್ತಿದ್ದರು. ಕಮ್ಯುನಿಸ್ಟನಾಗಿ ಇಂಗ್ಲೆಂಡಿನಿಂದ ಬಂದು, ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಜೈಲು ಕಂಡು, ಕೊನೆಗೆ ಕಮ್ಯುನಿಸಂನ ಕಟು ಟೀಕಾಕಾರನಾದ ಮನುಷ್ಯ ಅವರು. ಅಂತಹವರಿಗೆ ಆ ಪಾಳಯದಲ್ಲಿ ಸ್ಥಾನವಿತ್ತೆಂಬುದೇ ಅದರ ಸ್ವಭಾವವನ್ನು ಹೇಳುತ್ತದೆ.

ಸ್ವತಂತ್ರ ಪಕ್ಷಕ್ಕೆ 21 ಮೂಲ ತತ್ವಗಳಿದ್ದವು. ಇವುಗಳ ಪೈಕಿ ಕೊನೆಯದು ಬಹಳ ಸ್ವಾರಸ್ಯಕರ. ಮೂಲ ತತ್ವಗಳ ವ್ಯಾಪ್ತಿಗೆ ಬಾರದ ಯಾವುದೇ ವಿಷಯದಲ್ಲಿ ಸದಸ್ಯರು ತಮಗೆ ಸರಿಕಂಡ ಅಭಿಪ್ರಾಯ ಹೊಂದಲು ಮತ್ತು ಅದನ್ನು ಹೇಳಲು ಸ್ವತಂತ್ರರು ಎಂಬುದು ಅದರ ಸಾರ. ಇದನ್ನು ಓದಿದಾಗ ನನಗೆ ಇಮಾಮ್ ಅಬೂ ಹನೀಫಾರ(ರ) ಪಾಠಕೂಟ ನೆನಪಾಗುತ್ತದೆ. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಎಷ್ಟೋ ಮಸ್‌ಅಲಾಗಳಲ್ಲಿ ಗುರುಗಳಿಗಿಂತ ಭಿನ್ನ ಅಭಿಪ್ರಾಯ ಕೊಟ್ಟರು. ಆ ಭಿನ್ನಾಭಿಪ್ರಾಯಗಳು ಹನಫೀ ಗ್ರಂಥಗಳಲ್ಲಿ ಗುರುಗಳ ಅಭಿಪ್ರಾಯದ ಪಕ್ಕದಲ್ಲೇ ಇವೆ. ಯಾರೂ ಅವರನ್ನು ಮದ್‌ಹಬ್‌ನಿಂದ ಹೊರಹಾಕಲಿಲ್ಲ.

1967ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದು ಅತಿ ದೊಡ್ಡ ವಿರೋಧ ಪಕ್ಷವಾಯಿತು. ಅಂದಿನ ಮೈಸೂರು ರಾಜ್ಯದಿಂದ ಐವರು ಆಯ್ಕೆಯಾದರು. ಉಡುಪಿಯಿಂದ ಗೆದ್ದ ಜೆ.ಎಂ. ಲೋಬೋ ಪ್ರಭು ಮಾಜಿ ಐ.ಸಿ.ಎಸ್. ಅಧಿಕಾರಿ, ಕ್ರೈಸ್ತರು. ಚಿತ್ರದುರ್ಗದಿಂದ ಗೆದ್ದವರು ಜಗಳೂರಿನ ಜೆ. ಮುಹಮ್ಮದ್ ಇಮಾಮ್. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಅಲ್ಲಿಂದಲೇ ಗೆದ್ದಿದ್ದ ಅವರು ಹತ್ತು ವರ್ಷಗಳ ಬಳಿಕ ಬಲಪಂಥೀಯ ಪಕ್ಷದ ಅಭ್ಯರ್ಥಿಯಾಗಿ ಮತ್ತೆ ಗೆದ್ದರು. ಇಂದಿನ ಯುವಕರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಕರ್ನಾಟಕದ ಬಯಲುಸೀಮೆಯಲ್ಲಿ ಮುಸ್ಲಿಮರೊಬ್ಬರು ಬಲಪಂಥೀಯ ಪಕ್ಷದ ಟಿಕೆಟಿನಲ್ಲಿ ಸಂಸತ್ತಿಗೆ ಹೋಗುವುದು ಒಂದು ಕಾಲದಲ್ಲಿ ಸಹಜ ಸಂಗತಿಯಾಗಿತ್ತು!

ಹಾಗೆಂದು ಆ ಪಕ್ಷವನ್ನು ನಾನು ಹಾಡಿ ಹೊಗಳಲಾರೆ. ಅದರ ಬೆನ್ನಿಗಿದ್ದವರು ಮಾಜಿ ಅರಸರು ಮತ್ತು ಜಮೀನ್ದಾರರು. ಭೂಮಿತಿಯನ್ನು ಅದು ವಿರೋಧಿಸಿತು. ಅದರ ಕೈ ಮೇಲಾಗಿದ್ದರೆ 1974ರಲ್ಲಿ ದೇವರಾಜ ಅರಸರು ತಂದ ಭೂಸುಧಾರಣೆ ನಮ್ಮ ಗೇಣಿದಾರರಿಗೆ ಸಿಗುತ್ತಿರಲಿಲ್ಲ. ಕರಾವಳಿಯ ಬ್ಯಾರಿ ಕುಟುಂಬಗಳು ಇದನ್ನು ಚೆನ್ನಾಗಿ ಬಲ್ಲವು. ರಾಜಾಜಿಯವರೇ ಮದ್ರಾಸಿನ ಮುಖ್ಯಮಂತ್ರಿಯಾಗಿ 1953ರಲ್ಲಿ ತಂದ ಶಿಕ್ಷಣ ಯೋಜನೆಯಲ್ಲಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಉಳಿದರ್ಧ ತಂದೆಯ ಕಸುಬಿನಲ್ಲಿ ಕಳೆಯಬೇಕಿತ್ತು. ಜಾತಿಯ ಬೇಲಿಯನ್ನು ಗಟ್ಟಿಗೊಳಿಸುವ ಯೋಜನೆಯದು. ಆದರೆ 1964ರಲ್ಲಿ ಶೇಖ್ ಅಬ್ದುಲ್ಲಾ ಸೆರೆಮನೆಯಿಂದ ಹೊರಬಂದಾಗ ಅವರೊಂದಿಗೆ ಮಾತುಕತೆ ನಡೆಸಬೇಕೆಂದು ಧೈರ್ಯದಿಂದ ಹೇಳಿದವರೂ ಅದೇ ರಾಜಾಜಿ. ಅವರೊಂದಿಗೆ ಜಗಳವಾಡಬಹುದಿತ್ತು. ಜಗಳಕ್ಕೊಂದು ಅರ್ಥವಿತ್ತು.

1971ರಲ್ಲಿ ಇಂದಿರಾ ಅಲೆಗೆ ಎಲ್ಲವೂ ಕೊಚ್ಚಿ ಹೋಯಿತು. ದೇಶದಲ್ಲಿ ಸ್ವತಂತ್ರ ಪಕ್ಷಕ್ಕೆ ಉಳಿದದ್ದು 8 ಸ್ಥಾನ. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಕಾಂಗ್ರೆಸ್ಸಿನ ಪಾಲಾದವು. 1972ರ ಡಿಸೆಂಬರ್‌ನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷವೇ ಚರಣ್ ಸಿಂಗರ ಲೋಕದಳದಲ್ಲಿ ಕರಗಿತು. 1975ರಲ್ಲಿ ಡಿ.ವಿ.ಜಿ. ಕಣ್ಮುಚ್ಚಿದರು. ಹೀಗೆ ನಾಲ್ಕೈದು ವರ್ಷಗಳಲ್ಲಿ ಖಾಲಿಯಾದ ಜಾಗಕ್ಕೆ ಯಾರು ಬಂದರು? ಶಾಖೆಯಲ್ಲಿ ಬೆಳೆದವರು ಬಂದರು. ಅವರಲ್ಲಿ ಶಿಸ್ತಿತ್ತು, ಕಾರ್ಯಕರ್ತರಿದ್ದರು, ತಾಳ್ಮೆಯಿತ್ತು. ಮೇಲಿನವರನ್ನು ಪ್ರಶ್ನಿಸುವ ರೂಢಿ ಮಾತ್ರ ಇರಲಿಲ್ಲ.

ಇದಕ್ಕೆ ಒಂದು ಉದಾಹರಣೆ ಸಾಕು. 2009ರ ಆಗಸ್ಟ್‌ನಲ್ಲಿ ಬಿಜೆಪಿ ಶಿಮ್ಲಾದಲ್ಲಿ 'ಚಿಂತನ ಬೈಠಕ್' ನಡೆಸಿತು. ಮಾಜಿ ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ ಆಗಷ್ಟೇ ಮುಹಮ್ಮದಲಿ ಜಿನ್ನಾರ ಕುರಿತು ಒಂದು ಗ್ರಂಥ ಪ್ರಕಟಿಸಿದ್ದರು. ಪಕ್ಷದ ಮೂವತ್ತು ವರ್ಷಗಳ ಒಡನಾಡಿಯನ್ನು ಪುಸ್ತಕವೊಂದನ್ನು ಬರೆದದ್ದಕ್ಕಾಗಿ ಅದೇ ಬೈಠಕಿನಲ್ಲಿ ಉಚ್ಚಾಟಿಸಲಾಯಿತು. ಗುಜರಾತ್ ಸರಕಾರವು ಪುಸ್ತಕವನ್ನೇ ನಿಷೇಧಿಸಿತು. ಹೈಕೋರ್ಟ್ ಆ ನಿಷೇಧವನ್ನು ರದ್ದುಗೊಳಿಸಬೇಕಾಯಿತು. ಮರುವರ್ಷ ಅವರನ್ನು ಮರಳಿ ಕರೆದುಕೊಂಡರು, ಆ ಮಾತು ಬೇರೆ. ಚಿಂತನೆಗಾಗಿ ಕರೆದ ಸಭೆಯಲ್ಲಿ ಚಿಂತಿಸಿದವನಿಗೇ ಬಾಗಿಲು ತೋರಿಸಿದ ಈ ಪ್ರಸಂಗವನ್ನು ವಿಡಂಬನಕಾರರೂ ಕಲ್ಪಿಸಲಾರರು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಸಂಪ್ರದಾಯವಾದವೆಂದರೆ ಮೂಲತಃ ಏನು? ತಲೆಮಾರುಗಳಿಂದ ಬಂದ ರೂಢಿಯನ್ನು ಸರಕಾರವಾಗಲಿ ಗುಂಪಾಗಲಿ ಒಂದೇ ಏಟಿಗೆ ಕಡಿದುಹಾಕಬಾರದು ಎಂಬ ನಿಲುವು. ಹಾಗಾದರೆ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ಬಳೆ, ಆಟಿಕೆ, ಕಲ್ಲಂಗಡಿ ಮಾರುತ್ತಿದ್ದುದು ಸಂಪ್ರದಾಯವಲ್ಲವೇ? 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯಿಂದ ಹಿಡಿದು ಹಲವು ಕಡೆ ಅವರಿಗೆ ಜಾಗ ನಿರಾಕರಿಸಲಾಯಿತು. ಅಂದಿನ ಸರಕಾರ ವಿಧಾನಸಭೆಯಲ್ಲಿ 2002ರ ಒಂದು ನಿಯಮವನ್ನು ಮುಂದಿಟ್ಟಿತು. ಅಜ್ಜನ ಕಾಲದ ರೂಢಿ ಒಂದು ಕಡೆ, ಇಪ್ಪತ್ತು ವರ್ಷದ ಕಾಗದ ಇನ್ನೊಂದು ಕಡೆ. ಪರಂಪರೆಯ ರಕ್ಷಕರೆಂದು ಹೇಳಿಕೊಳ್ಳುವವರು ಕಾಗದದ ಪಕ್ಷ ವಹಿಸಿದರು! ನಿಜವಾದ ಸಂಪ್ರದಾಯವಾದಿಯೊಬ್ಬ ಆ ಸರಕಾರದಲ್ಲಿದ್ದಿದ್ದರೆ ಮೊದಲು ಅವನೇ ಇದನ್ನು ತಡೆಯಬೇಕಿತ್ತು. ನ್ಯಾಯವಾಗಿ ಹೇಳುವುದಾದರೆ, ಬಿಜೆಪಿಯ ವಿಧಾನ ಪರಿಷತ್ ಸದಸ್ಯರಾಗಿದ್ದ ಎ.ಎಚ್. ವಿಶ್ವನಾಥ್ ಬಹಿರಂಗವಾಗಿ ಇದನ್ನು ವಿರೋಧಿಸಿದರು. ಅವರ ಮಾತಿಗೆ ಪಕ್ಷದಲ್ಲಿ ಬೆಲೆ ಸಿಗಲಿಲ್ಲ. ವೈರಿಗಳ ವಿಷಯದಲ್ಲಿಯೂ ನ್ಯಾಯ ಬಿಡಬಾರದೆಂಬ ಆದೇಶ ಸೂರಃ ಅಲ್ ಮಾಇದಃದಲ್ಲಿ ನಮಗಿರುವುದರಿಂದ ಇಂತಹ ಹೆಸರುಗಳನ್ನು ನಾವು ಮರೆಯಬಾರದು.

ಅದೇ ವರ್ಷದ ಹಿಜಾಬ್ ಪ್ರಕರಣವನ್ನೂ ಹೀಗೆಯೇ ನೋಡಬಹುದು. ತಲೆಯ ಮೇಲೆ ಸೆರಗು ಹೊದೆಯುವುದು ಈ ಮಣ್ಣಿನ ಹಿಂದೂ ಅಜ್ಜಿಯಂದಿರಿಗೂ ಹೊಸದಲ್ಲ. ಹುಡುಗಿಯರ ಉಡುಪನ್ನು ಸರಕಾರದ ಆದೇಶದಿಂದ ಬದಲಿಸಹೊರಟದ್ದು ಸಂಪ್ರದಾಯವಾದ ಹೇಗಾದೀತು? 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ನ್ಯಾಯಪೀಠದಲ್ಲಿ ಕಂಡಷ್ಟು ಚರ್ಚೆ ಆಡಳಿತ ಪಕ್ಷದೊಳಗೆ ಕಾಣಲಿಲ್ಲ.

ನಮ್ಮ ಹೆಬ್ಬಾಳದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. 2018ರಲ್ಲಿ ಇಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಊರಿಗಾಗಿ ಹೋರಾಡಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಬೆಂಗಳೂರು ಪರಿಸರದ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಶಾಸನಾಸಕ್ತರೂ ಸ್ಥಳೀಯರೂ ಸೇರಿ ಅದನ್ನು ಉಳಿಸಿಕೊಂಡರು. ಘೋಷಣೆ ಕೂಗಲಿಲ್ಲ, ಯಾರನ್ನೂ ದೂಷಿಸಲಿಲ್ಲ. ಕಲ್ಲನ್ನು ತೊಳೆದರು, ಓದಿದರು, ನೆರಳು ಕಟ್ಟಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಅದು ಅವರ ಊರಿನದೂ ಹೌದು.

ಸಹೋದರರೇ, ಬಟ್ಟು ಬರೀ ಹೊರಗಿನವರತ್ತ ಇರಬಾರದು. ನಮ್ಮೊಳಗಿನ ಸಂಪ್ರದಾಯಸ್ಥರಲ್ಲಿ ಚಿಂತನೆ ಉಳಿದಿದೆಯೇ? ಫಿಕ್ಹ್‌ನಲ್ಲಿ 'ಉರ್ಫ್' ಅಂದರೆ ನಾಡರೂಢಿಗೆ ಸ್ಥಾನವಿದೆ. ಆದರೆ ಯಾವ ರೂಢಿ ಉಳಿಯಬೇಕು, ಯಾವುದು ಅಳಿಯಬೇಕೆಂದು ತೂಗಿ ನೋಡುವ ಶ್ರಮವನ್ನು ವಿದ್ವಾಂಸರು ಪಟ್ಟರು. ನಾವಾದರೋ ವರದಕ್ಷಿಣೆಯನ್ನು ರೂಢಿಯೆಂದು ಉಳಿಸಿಕೊಂಡೆವು, ಮಹ್ರನ್ನು ಕಾಗದದ ಮೇಲಿನ ಅಂಕಿಯಾಗಿಸಿದೆವು. ಮದುವೆ ಮಂಟಪದ ಬಾಡಿಗೆಗೆ ಸಾಲ ಮಾಡುವ ಮನೆಯಲ್ಲಿ ಕನ್ನಡದ ಕುರ್‌ಆನ್ ಅನುವಾದ ಕಪಾಟಿನಿಂದ ಕೆಳಗಿಳಿಯುವುದು ರಮಝಾನ್‌ನಲ್ಲಿ ಮಾತ್ರ. ಸುಧಾರಣೆಯ ಮಾತಾಡಿದವನಿಗೆ ಉತ್ತರ ಕೊಡುವುದಕ್ಕಿಂತ ಅವನ ಅಖೀದಃವನ್ನು ಶಂಕಿಸುವುದು ಸುಲಭವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದುದನ್ನು ಪರಿಶೀಲಿಸದೆ ಹಂಚುವಾಗ ಸೂರಃ ಅಲ್ ಹುಜುರಾತ್‌ನ ಆರನೆಯ ಸೂಕ್ತ ನಮಗೆ ನೆನಪಾಗುವುದೂ ಇಲ್ಲ.

1929ರ ಜನವರಿಯಲ್ಲಿ ಅಲ್ಲಾಮಾ ಇಕ್ಬಾಲ್, ಮದ್ರಾಸಿನಲ್ಲಿ ಧಾರ್ಮಿಕ ಚಿಂತನೆಯ ಪುನರ್ರಚನೆಯ ಕುರಿತು ಉಪನ್ಯಾಸ ನೀಡಿದ ಬಳಿಕ ಬೆಂಗಳೂರು, ಮೈಸೂರುಗಳಿಗೆ ಬಂದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಯನ್ನು ಸಂದರ್ಶಿಸಿದರು. ಆಗ ಈ ಸಂಸ್ಥಾನದ ದಿವಾನರು ಸರ್ ಮಿರ್ಝಾ ಇಸ್ಮಾಈಲ್. ಟಿಪ್ಪುವಿನ ಹೆಸರಿನಲ್ಲಿ ಮೆರವಣಿಗೆ ಮಾಡುವ ಉತ್ಸಾಹ ನಮ್ಮಲ್ಲಿದೆ. ಇಕ್ಬಾಲರ ಆ ಉಪನ್ಯಾಸಗಳನ್ನು ಒಟ್ಟಿಗೆ ಕುಳಿತು ಓದುವ ಕೂಟ ನಮ್ಮ ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಎಷ್ಟಿವೆ?

ಈ ಕೂಟದ ಸಂಘಟಕರಲ್ಲಿ ನನ್ನದೊಂದು ವಿನಂತಿಯಿದೆ. ಮುಂದಿನ ಸಲ ನಮ್ಮವರನ್ನೇ ಕರೆಸಬೇಡಿ. ನಮ್ಮನ್ನು ಒಪ್ಪದ, ಆದರೆ ಓದಿಕೊಂಡಿರುವ ಸಂಪ್ರದಾಯಸ್ಥ ಹಿಂದೂ ಸಜ್ಜನರೊಬ್ಬರನ್ನು ಆಮಂತ್ರಿಸಿ. ಅವರು ಒಂದು ಗಂಟೆ ಮಾತನಾಡಲಿ, ನಾವು ಅಡ್ಡ ಬಾಯಿ ಹಾಕದೆ ಕೇಳೋಣ. ಅನಂತರ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಪ್ರಶ್ನೆ ಕೇಳಲಿ. ಆಮಂತ್ರಣಪತ್ರವನ್ನು ಬೇಕಾದರೆ ನಾನೇ ಬರೆದುಕೊಡುತ್ತೇನೆ.

ಮಗ್‌ರಿಬ್ ಅಝಾನ್‌ಗೆ ಕೆಲವೇ ನಿಮಿಷಗಳಿವೆ. ನಮಾಝ್‌ನ ಬಳಿಕ ಇಲ್ಲೇ ಇರುತ್ತೇನೆ, ಒಪ್ಪದವರು ಮೊದಲು ಬನ್ನಿ.