ಒಂದೇ ಆಕರದ ನವೀಕರಣ
(ಶತಮಾನೋತ್ಸವದ ಅಂಗವಾಗಿ ಗಣಕ ಪ್ರಯೋಗಾಲಯದಲ್ಲಿ ನಡೆದ ಪ್ರಾತ್ಯಕ್ಷಿಕೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಹತ್ತನೆಯ ತರಗತಿಯ ಮಕ್ಕಳು ಗಣಕಯಂತ್ರದ ಕಪ್ಪು ಪರದೆಯ ಮೇಲೆ ಆದೇಶಗಳನ್ನು ಬರೆಯುತ್ತಿದ್ದುದನ್ನು ತಾವು ಈಗಷ್ಟೇ ನೋಡಿದಿರಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಎಟಕುವ ವಿದ್ಯೆಯೇ ಎಂದು ಕೆಲವು ರಕ್ಷಕರು ನಮ್ಮನ್ನು ಮೆಲುದನಿಯಲ್ಲಿ ಕೇಳಿದರು. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಬಿಡೋಣವೇ ಎಂಬ ಆಲೋಚನೆ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದನ್ನು ನಾವು ಬಲ್ಲೆವು. ಆದುದರಿಂದ ಆ ಆದೇಶಗಳಲ್ಲಿ ಒಂದನ್ನೇ ಆಯ್ದು, ಕನ್ನಡದಲ್ಲಿಯೇ ಬಿಡಿಸಿ ಹೇಳಲು ಬಯಸುತ್ತೇವೆ. ಎಟಕುವುದೋ ಇಲ್ಲವೋ ಎಂಬುದನ್ನು ತಾವೇ ನಿರ್ಧರಿಸಬಹುದು.

ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯ ರೂಪ ತಾಳಿತು. ಶಾಲೆಗಳ ಯಂತ್ರಗಳಲ್ಲಿರುವುದು ಉಬುಂಟುವನ್ನು ಆಧರಿಸಿದ, ಲಿನಕ್ಸ್ ವರ್ಗದ ಸ್ವತಂತ್ರ ತಂತ್ರಾಂಶ. ಐ.ಸಿ.ಟಿ. ಪಠ್ಯಪುಸ್ತಕ ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ದೊರೆಯುತ್ತದೆ.

ಲಿನಕ್ಸಿನಲ್ಲಿ ತಂತ್ರಾಂಶಗಳು ಪ್ಯಾಕೇಜುಗಳಾಗಿ ಬರುತ್ತವೆ. ಅವು ದೊರೆಯುವ ತಾಣವನ್ನು ಇಂಗ್ಲಿಷಿನಲ್ಲಿ ಸೋರ್ಸ್ ಎನ್ನುತ್ತಾರೆ. ನಾವು 'ಆಕರ' ಎನ್ನುತ್ತೇವೆ. 'ಆಕರ ಗ್ರಂಥ' ಎಂಬುದನ್ನು ಕೇಳಿದ್ದ ಮಕ್ಕಳು ಈ ಪದವನ್ನು ಸಲೀಸಾಗಿ ಒಪ್ಪಿಕೊಂಡರು. ಆದರೆ ಪ್ಯಾಕೇಜಿಗೆ ನಾವು ಸೂಚಿಸಿದ 'ಪೊಟ್ಟಣ' ಅವರ ನಗೆಗೆ ಗುರಿಯಾಯಿತು. ಪ್ಯಾಕೇಜ್ ಪ್ಯಾಕೇಜಾಗಿಯೇ ಉಳಿಯಿತು. ಉಬುಂಟುವಿನ ಆಕರ ಮುಖ್ಯವಾದುದು. ಅದಲ್ಲದೆ ಕೆಲವು ತಂತ್ರಾಂಶಗಳಿಗೆ ಸ್ವಂತ ಆಕರಗಳಿವೆ. ಗಣಿತಕ್ಕೆ ನಾವು ಬಳಸುವ ಜಿಯೊಜೀಬ್ರಾ ಅಂಥದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಮಾರ್ಕುಸ್ ಹೋಹನ್‌ವಾರ್ಟರ್ ಇದನ್ನು ಆರಂಭಿಸಿದರು.

'ಆಪ್ಟ್-ಗೆಟ್ ಅಪ್‌ಡೇಟ್' ಎಂಬ ಆದೇಶ ಕೊಟ್ಟರೆ ಯಂತ್ರವು ಎಲ್ಲ ಆಕರಗಳನ್ನೂ ಸಂಪರ್ಕಿಸಿ ಹೊಸ ಪಟ್ಟಿಗಳನ್ನು ತರುತ್ತದೆ. ಅದು ತರುವುದು ಪಟ್ಟಿಯನ್ನು ಮಾತ್ರ, ತಂತ್ರಾಂಶವನ್ನಲ್ಲ. ನಮ್ಮ ಗ್ರಂಥಾಲಯಕ್ಕೆ ಪ್ರಕಾಶಕರಿಂದ ಪುಸ್ತಕಪಟ್ಟಿ ತರಿಸಿಕೊಂಡಂತೆ. ಪುಸ್ತಕ ಬರಬೇಕಾದರೆ ಬೇರೆಯೇ ಆದೇಶ ಕೊಡಬೇಕು. ಈ ವ್ಯತ್ಯಾಸ ತಿಳಿಯದೆ, ಅಪ್‌ಡೇಟ್ ಮಾಡಿದರೂ ಏನೂ ಬದಲಾಗಲಿಲ್ಲವೆಂದು ದೂರುವ ವಿದ್ಯಾವಂತರೂ ಇದ್ದಾರೆ!

ಜಿಯೊಜೀಬ್ರಾದ ಪಟ್ಟಿಯೊಂದೇ ಬೇಕಾದಾಗ ಎಲ್ಲ ಆಕರಗಳನ್ನೂ ಏಕೆ ತಟ್ಟಬೇಕು? ಅಂತರ್ಜಾಲ ನಿಧಾನವಾಗಿರುವ ದಿನ, ಯಾವುದಾದರೂ ಒಂದು ಆಕರ ಉತ್ತರಿಸದಿದ್ದರೆ, ನಲವತ್ತು ನಿಮಿಷಗಳ ಪೀರಿಯಡ್ಡಿನಲ್ಲಿ ಕಾಲು ಭಾಗ ಕಾಯುವುದರಲ್ಲಿಯೇ ಕಳೆಯುತ್ತದೆ. ಒಂದು ಯಂತ್ರಕ್ಕೆ ಇಬ್ಬರು ಮೂವರು ಮಕ್ಕಳಿರುವಲ್ಲಿ ಆ ನಿಮಿಷಗಳಿಗೆ ಬೆಲೆಯುಂಟು. ಅದಕ್ಕಾಗಿ ಅದೇ ಆದೇಶಕ್ಕೆ ಮೂರು ಸೂಚನೆಗಳನ್ನು ಸೇರಿಸುತ್ತೇವೆ.

ಮೊದಲನೆಯದು 'ಸೋರ್ಸ್‌ಲಿಸ್ಟ್': ಆಕರಗಳ ಮುಖ್ಯ ಕಡತದ ಬದಲಿಗೆ ಜಿಯೊಜೀಬ್ರಾದ ಕಡತವನ್ನು ಓದು ಎಂದರ್ಥ. ಎರಡನೆಯದು 'ಸೋರ್ಸ್‌ಪಾರ್ಟ್ಸ್': ಇತರ ಆಕರಗಳ ಕಡತಗಳಿರುವ ಫೋಲ್ಡರಿನ ಹೆಸರು ಇರಬೇಕಾದಲ್ಲಿ ಬರಿಯ ಒಂದು ಅಡ್ಡಗೆರೆ ಕೊಟ್ಟರೆ, ಆ ಫೋಲ್ಡರನ್ನು ನೋಡಬೇಡ ಎಂದಂತಾಯಿತು. ಇಷ್ಟಕ್ಕೇ ಕೆಲಸ ಮುಗಿಯಿತೆಂದು ತೋರುತ್ತದೆ. ಮುಗಿದಿಲ್ಲ. ಈ ಬಾರಿ ಓದಿದ ಕಡತದಲ್ಲಿ ಹೆಸರಿಲ್ಲದ ಆಕರಗಳನ್ನು ಯಂತ್ರವು ನಾವು ಕೈಬಿಟ್ಟ ಆಕರಗಳೆಂದು ಭಾವಿಸಿ, ಅವುಗಳ ಹಳೆಯ ಪಟ್ಟಿಗಳನ್ನೆಲ್ಲ ಅಳಿಸಿಹಾಕುತ್ತದೆ. ಒಬ್ಬ ಪ್ರಕಾಶಕರಿಂದ ಹೊಸ ಪಟ್ಟಿ ಬಂತೆಂದು ಗ್ರಂಥಪಾಲಕರು ಉಳಿದವರ ಪಟ್ಟಿಗಳನ್ನೆಲ್ಲ ರದ್ದಿಗೆ ಹಾಕಿದರೆ ಹೇಗೋ ಹಾಗೆ! ಸ್ಥಾಪಿತವಾದ ತಂತ್ರಾಂಶಗಳಿಗೆ ಅದರಿಂದ ಹಾನಿಯಿಲ್ಲ, ನಿಜ. ಆದರೆ ಮರುಕ್ಷಣ ಯಾರಾದರೂ ಧ್ವನಿ ಸಂಪಾದನೆಯ ಆಡಾಸಿಟಿಯನ್ನು ಹೊಸದಾಗಿ ಬಯಸಿದರೆ, ಅಂತಹ ಪ್ಯಾಕೇಜೇ ಕಾಣುತ್ತಿಲ್ಲವೆಂದು ಯಂತ್ರ ಹೇಳುತ್ತದೆ. ಇದನ್ನು ತಡೆಯುವುದೇ ಮೂರನೆಯ ಸೂಚನೆ: 'ಲಿಸ್ಟ್-ಕ್ಲೀನಪ್' ಎಂಬುದಕ್ಕೆ ಸೊನ್ನೆಯ ಬೆಲೆ. ಉಳಿದ ಪಟ್ಟಿಗಳನ್ನು ಅಳಿಸಬೇಡ ಎಂಬುದು ಅದರ ತಾತ್ಪರ್ಯ.

ಈ ಸಾಲನ್ನು ಕಂಠಪಾಠ ಮಾಡಿಸುವುದನ್ನು ನಾವು ಒಪ್ಪುವುದಿಲ್ಲ. ಎಲ್ಲಿಂದಲೋ ನಕಲಿಸಿ ಅಂಟಿಸಿದವನಿಗೆ ಆ ಸೊನ್ನೆ ಏಕೆಂದು ತಿಳಿಯದು. ಉದ್ದವಾಯಿತೆಂದು ಅದನ್ನೇ ಬಿಟ್ಟಾನು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡಿ ಬರುವ ಮಕ್ಕಳು ಇದರ ಕಾರಣವನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಪ್ರಶ್ನಿಸಿ ತಿಳಿದಿದ್ದಾರೆ. ಆದೇಶದ ಪದಗಳು ಇಂಗ್ಲಿಷಿನವು. ಅವನ್ನು ಮಲಯಾಳ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಹೊಸದಾಗಿಯೇ ಕಲಿಯಬೇಕು.

ಒಂದು ಎಚ್ಚರಿಕೆಯ ಮಾತೂ ಇದೆ. ಜಿಯೊಜೀಬ್ರಾಕ್ಕೆ ಉಬುಂಟುವಿನ ಬೇರೆ ಪ್ಯಾಕೇಜುಗಳ ಆಸರೆ ಬೇಕು. ಮುಖ್ಯ ಆಕರದ ಪಟ್ಟಿ ಬಹಳ ಹಳತಾಗಿದ್ದರೆ, ಅದರಲ್ಲಿ ಹೆಸರಿಸಿದ ಆವೃತ್ತಿ ಆಕರದಲ್ಲಿ ಈಗ ಇರಲಿಕ್ಕಿಲ್ಲ. ಆಗ ಸ್ಥಾಪನೆ ಅರ್ಧಕ್ಕೆ ನಿಲ್ಲುತ್ತದೆ. ಆದಕಾರಣ ವಾರಕ್ಕೊಮ್ಮೆ, ತರಗತಿ ಮುಗಿದ ಮೇಲೆ, ಎಲ್ಲ ಆಕರಗಳನ್ನೂ ನವೀಕರಿಸುವ ಪದ್ಧತಿಯನ್ನು ಇರಿಸಿಕೊಂಡಿದ್ದೇವೆ. ಈ ಆದೇಶಗಳಿಗೆ ಬೇಕಾದ ಗುಪ್ತಪದ ಅಧ್ಯಾಪಕರ ಬಳಿಯಲ್ಲಿಯೇ ಇರುತ್ತದೆ.

ಈಗ ಮಕ್ಕಳು ಮೊದಲ ಯಂತ್ರದಲ್ಲಿ ಮೂರೂ ಸೂಚನೆಗಳೊಂದಿಗೆ, ಎರಡನೆಯದರಲ್ಲಿ ಕೊನೆಯದನ್ನು ಬೇಕೆಂದೇ ಬಿಟ್ಟು, ಇದನ್ನು ಮಾಡಿ ತೋರಿಸುತ್ತಾರೆ. ಪರದೆಯ ಮೇಲೆ 'ಗೆಟ್' ಎಂದು ಬಂದರೆ ಹೊಸ ಪಟ್ಟಿ ಬರುತ್ತಿದೆ, 'ಹಿಟ್' ಎಂದು ಬಂದರೆ ಪಟ್ಟಿ ಬದಲಾಗಿಲ್ಲ ಎಂದರ್ಥ. ಹಿಂದಿನ ಸಾಲಿನವರು ದಯವಿಟ್ಟು ಹತ್ತಿರ ಬನ್ನಿ. ಮಕ್ಕಳನ್ನು ಏನು ಬೇಕಾದರೂ ಕೇಳಿ.