42 ಅಡಿಯ ಕಣ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇವತ್ತು ಹೇಳಲಿಕ್ಕೆ ಹೊರಟದ್ದು ಸರ್ಕಸ್ ಶುರು ಮಾಡಿದವನ ಕಥೆ. ನಮ್ಮ ಸಭೆಯಲ್ಲಿ ಸರ್ಕಸ್ಸಿನ ಮಾತು ಎಂತಕ್ಕೆ ಅಂತ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಅವನ ಹೆಸರು ಫಿಲಿಪ್ ಆಸ್ಟ್ಲಿ. 1742ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಅಪ್ಪ ಮರದ ಪೆಟ್ಟಿಗೆ, ಕಪಾಟು ಮಾಡುವ ಬಡಗಿ. ಮಗನೂ ಉಳಿ ಹಿಡಿಯಬೇಕು ಅಂತ ಅಪ್ಪನ ಆಸೆ. ಮಗನ ಮನಸ್ಸೆಲ್ಲ ಕುದುರೆಯ ಮೇಲೆ. ಆದರೆ ಕುದುರೆ ಸವಾರಿ ದೊಡ್ಡ ಮನೆಯವರ ಶೋಕಿ. ಬಡಗಿಯ ಮಗನಿಗೆ ಕಲಿಸುವವರು ಯಾರು? ಅವನು ಹದಿಹರೆಯದಲ್ಲೇ ಮನೆ ಬಿಟ್ಟು ಅಶ್ವದಳ ಸೇರಿದ. ಅಲ್ಲಿ ಕುದುರೆ ಪಳಗಿಸಲಿಕ್ಕೆ ಕಲಿತ, ಯುದ್ಧದಲ್ಲಿ ಹೆಸರು ಮಾಡಿದ, ಸಾರ್ಜೆಂಟ್ ಮೇಜರ್ ಆದ. ಊರು ಮುಚ್ಚಿದ ಬಾಗಿಲನ್ನು ಸೈನ್ಯ ತೆರೆಯಿತು. ನಮಗೆ ಇದು ಹೊಸ ಮಾತಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರೂ ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಕಲಿಸಿದವರು.

ಕುದುರೆ ಅಂದರೆ ನಮ್ಮ ದೇಶದಲ್ಲಿ ಇವತ್ತಿಗೂ ಜಾತಿಯ ವಿಷಯವೇ. ದಲಿತ ಮದುಮಗ ಕುದುರೆ ಹತ್ತಿದ ಅಂತ ಕಲ್ಲು ಹೊಡೆದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ ನಾವು!

ಸೈನ್ಯ ಬಿಟ್ಟ ಆಸ್ಟ್ಲಿ 1768ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಡದ ಬಯಲಿನಲ್ಲಿ ಸವಾರಿ ಶಾಲೆ ತೆರೆದ. ಬೆಳಗ್ಗೆ ಪಾಠ, ಮಧ್ಯಾಹ್ನ ಪ್ರದರ್ಶನ. ಓಡುವ ಕುದುರೆಯ ಬೆನ್ನಿನಲ್ಲಿ ಎದ್ದು ನಿಲ್ಲುವವರು ಅವನಿಗಿಂತ ಮೊದಲೂ ಇದ್ದರು. ಆದರೆ ನೇರ ಓಡಿದರೆ ಕುದುರೆ ಜನರ ಕಣ್ಣಿಂದ ದೂರ ಹೋಗಿಬಿಡುತ್ತದೆ. ವೃತ್ತದಲ್ಲಿ ಓಡಿಸಿದರೆ ಎಲ್ಲರಿಗೂ ಕಾಣುತ್ತದೆ. ಕುದುರೆ ಒಳಕ್ಕೆ ವಾಲುವುದರಿಂದ ಸವಾರನಿಗೂ ಸಮತೋಲ ಸಿಗುತ್ತದೆ. ಅವನು ಗೊತ್ತುಮಾಡಿದ ಅಳತೆ 42 ಅಡಿ. ಇವತ್ತಿಗೂ ಸರ್ಕಸ್ಸಿನ ಕಣಕ್ಕೆ ಅದೇ ಅಳತೆ.

ಹೆಂಡತಿ ಪ್ಯಾಟಿಯೂ ಕುದುರೆ ಹತ್ತಿ ಆಡಿದಳು. ಮುಂದೆ ಲಾಗ ಹಾಕುವವರು, ಹಗ್ಗದ ಮೇಲೆ ನಡೆಯುವವರು, ವಿದೂಷಕರು ಎಲ್ಲ ಕೂಡಿದರು. ಇಂಥವರಲ್ಲಿ ಹಲವರು ಸಂತೆಯಲ್ಲಿ ಆಡಿ ಟೊಪ್ಪಿ ಹಿಡಿದು ಬೇಡುತ್ತಿದ್ದವರು. ಆಸ್ಟ್ಲಿ ಬೇಲಿ ಹಾಕಿದ, ಬಾಗಿಲಿನಲ್ಲಿ ಟಿಕೇಟು ಇಟ್ಟ. ಭಿಕ್ಷೆ ಹೋಗಿ ಬೆಲೆ ಬಂತು. ನನಗೆ ದೊಡ್ಡದು ಅನಿಸುವುದು ಇದು. 1794ರಲ್ಲಿ, ಮತ್ತೆ 1803ರಲ್ಲಿ ಅವನ ರಂಗಮಂದಿರ ಸುಟ್ಟುಹೋಯಿತು. ಎರಡು ಸಲವೂ ಪುನಃ ಕಟ್ಟಿದ. 1814ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ.

ಆ ಕಣಕ್ಕೆ ಮುಂದೆ ಯಾರು ಬಂದರು ನೋಡಿ. ಪಾಬ್ಲೋ ಫ್ಯಾಂಕ್ ಎಂಬ ಕಪ್ಪು ಸವಾರ 1841ರಲ್ಲಿ ಇಂಗ್ಲೆಂಡಿನಲ್ಲೇ ಸ್ವಂತ ಸರ್ಕಸ್ ಕಟ್ಟಿದ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾನೂನು ಮಾಡಿ ಆಗ ಎಂಟೇ ವರ್ಷ. ಅವನು ಬೇರೆಯವರ ಕಣದಲ್ಲಿ ಆಡುವ ಆಳಾಗಿ ಉಳಿಯಲಿಲ್ಲ, ಯಜಮಾನನಾದ.

ನಮ್ಮ ದೇಶದಲ್ಲಿ ವಿಷ್ಣುಪಂತ ಛತ್ರೆ ಎಂಬ ಮರಾಠಿ ಸವಾರ 1880ರಲ್ಲಿ ಮುಂಬೈಯಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಶುರು ಮಾಡಿದರು. ಅವರ ಒಡನಾಟದಿಂದ ಕೀಲೇರಿ ಕುಂಞಿಕಣ್ಣನ್ ಮಾಸ್ತರರು ತಲಶ್ಶೇರಿಯಲ್ಲಿ ಸರ್ಕಸ್ ಕಲಿಸಿದರು. ತಲಶ್ಶೇರಿ ನಮ್ಮ ಕಾಸರಗೋಡಿನಿಂದ ರೈಲಿನಲ್ಲಿ ಹೋಗಿ ಅದೇ ದಿನ ಬರುವಷ್ಟು ದೂರ.

ಈಗ ನಮ್ಮ ವಿಷಯ. ನಮ್ಮ ಹಿರಿಯರ ಕೈಯಲ್ಲಿ ದುಡಿ ಉಂಟು, ತೆಂಬರೆ ಉಂಟು, ಪಾಡ್ದನ ಉಂಟು, ಕುಣಿತ ಉಂಟು. ಕೋಲದ ರಾತ್ರಿ ಕಾಲಿಗೆ ಬೀಳುವವರು ಬೆಳಗಾದ ಮೇಲೆ ಅದೇ ಕಲಾವಿದನನ್ನು ಅಂಗಳದಾಚೆ ನಿಲ್ಲಿಸುತ್ತಾರೆ. ಕೊಟ್ಟಷ್ಟು ತೆಗೆದುಕೊಳ್ಳಬೇಕು. ನಮ್ಮಲ್ಲಿ ಕಲೆಗೆ ಕೊರತೆ ಇಲ್ಲ. ಇಲ್ಲದ್ದು ಸ್ವಂತ ಕಣ, ನಾವೇ ಹೇಳುವ ದರ.

ಅದಕ್ಕೆ ಸಂಘದ ಮುಂದೆ ನನ್ನದು ಎರಡು ಬೇಡಿಕೆ. ಒಂದು, ಪ್ರತಿ ಆದಿತ್ಯವಾರ ಹಿರಿಯರಿಂದ ದುಡಿಯ ಪಾಠ ನಡೆಯಲಿ; ಹೆಣ್ಣುಮಕ್ಕಳಿಗೂ ಅದರಲ್ಲಿ ಜಾಗ ಇರಲಿ, ಕಲಿಸುವವರಿಗೆ ಸಂಬಳ ಸಿಗಲಿ. ಎರಡು, ನಮ್ಮ ತಂಡ ಎಲ್ಲಿಗೆ ಹೋದರೂ ದರ ಮೊದಲೇ ಕಾಗದದಲ್ಲಿ ಬರೆದಿರಲಿ, ಊಟ ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಅಂತಲೂ ಅದರಲ್ಲಿ ಸೇರಲಿ. ಒಪ್ಪದ ಕಡೆಗೆ ಹೋಗುವುದು ಬೇಡ.

ಇದರಿಂದ ಕೆಲವು ಕಾರ್ಯಕ್ರಮ ತಪ್ಪಬಹುದು. ತಪ್ಪಲಿ. ಬೇಲಿ ಹಾಕಿದ ದಿನ ಆಸ್ಟ್ಲಿಯ ಎದುರಿಂದಲೂ ಪುಕ್ಕಟೆ ನೋಡುವವರು ಎದ್ದು ಹೋಗಿರಬೇಕು.

 ಜೈ ಭೀಮ್.