36ರ ಕಂಟ್ರೋಲರ್‌ಗೆ 48ರ ಬ್ಯಾಟರಿ



ಮನೆಯಲ್ಲಿ ವಿದ್ಯುತ್ ಸೈಕಲ್ ಇದ್ದರೆ ಒಂದು ಪ್ರಶ್ನೆ ನಿಮಗೆ ಹೊಳೆದಿರಬಹುದು: 36 ವೋಲ್ಟಿನ ಬ್ಯಾಟರಿಯ ಬದಲು 48 ವೋಲ್ಟಿನದನ್ನು ಜೋಡಿಸಿದರೆ ಅದು ಇನ್ನೂ ಜೋರಾಗಿ ಓಡುವುದಿಲ್ಲವೇ? ಓಡುತ್ತದೆ. ಮೋಟಾರಿನ ವೇಗ ವೋಲ್ಟೇಜನ್ನು ಅನುಸರಿಸಿ ಏರುತ್ತದೆ. ಆದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆಯೊಂದಿದೆಯಲ್ಲ, ಅದಕ್ಕೆ ಈ ಬದಲಾವಣೆ ಒಪ್ಪಿಗೆಯೇ ಎಂದು ಮೊದಲು ನೋಡಬೇಕು.

48 ಎಂಬುದು ಹೆಸರಿಗೆ ಮಾತ್ರ. ಲಿಥಿಯಂ ಅಯಾನ್ ಬ್ಯಾಟರಿಯಾದರೆ ಅದರಲ್ಲಿ 13 ಸೆಲ್‌ಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜಾದಾಗ ಒಂದೊಂದೂ 4.2 ವೋಲ್ಟ್, ಒಟ್ಟು 54.6. ಪೆಟ್ಟಿಗೆ ಬಿಚ್ಚಿ ದೊಡ್ಡ ಕೆಪಾಸಿಟರ್‌ಗಳ ಮೈಮೇಲಿನ ಬರಹ ಓದಿ. 50 ವೋಲ್ಟ್ ಎಂದಿದ್ದರೆ ಅದು ಬಿಸಿಯಾಗಿ, ಉಬ್ಬಿ, ಸಿಡಿಯಬಹುದು. ಕನಿಷ್ಠ 63 ವೋಲ್ಟಿನದು ಬೇಕು. ಮೋಟಾರಿಗೆ ವಿದ್ಯುತ್ತನ್ನು ಕೊಟ್ಟು ಕಡಿಯುವ ಮಾಸ್‌ಫೆಟ್‌ಗಳಿಗೂ ಇದೇ ಪರೀಕ್ಷೆ. ಕಡಿದ ಕ್ಷಣದಲ್ಲಿ ವೋಲ್ಟೇಜು ಬ್ಯಾಟರಿಗಿಂತ ಮೇಲಕ್ಕೆ ಚಿಮ್ಮುವುದರಿಂದ 60 ವೋಲ್ಟಿನವು ಸಾಲವು. ಒಳಗಿನ ಚಿಪ್‌ಗೆ ವೋಲ್ಟೇಜು ಇಳಿಸಿಕೊಡುವ ರೆಗ್ಯುಲೇಟರ್ ಕೂಡ ಹೆಚ್ಚು ಕಾಯುತ್ತದೆ.

ಇಷ್ಟನ್ನು ಬದಲಿಸಿ ಗೆದ್ದೆನೆಂದುಕೊಂಡ ಕಾಲೇಜು ಹುಡುಗನೊಬ್ಬ ನನ್ನ ಬಳಿ ಬಂದಿದ್ದ. ಬೆಸುಗೆ ಅಚ್ಚುಕಟ್ಟಾಗಿತ್ತು, ಕಂಟ್ರೋಲರ್ ಸುಡಲಿಲ್ಲ. ಸತ್ತದ್ದು ಬ್ಯಾಟರಿ! ಅದು ಅವನೇ ಕಟ್ಟಿದ್ದು, ರಕ್ಷಣೆಯ ಸರ್ಕ್ಯೂಟು ಇರಲಿಲ್ಲ. 36 ವೋಲ್ಟಿನ ಕಂಟ್ರೋಲರ್ ಸುಮಾರು 31 ವೋಲ್ಟಿಗೆ ಇಳಿದಾಗ ಮೋಟಾರನ್ನು ನಿಲ್ಲಿಸುತ್ತದೆ. 10 ಸೆಲ್‌ಗಳಿಗೆ ಹಂಚಿದರೆ ತಲಾ 3.1; ಅದು ಸರಿಯೇ. ಆದರೆ 13 ಸೆಲ್‌ಗಳಿಗೆ ಅದೇ 31 ಅಂದರೆ ತಲಾ 2.4 ಮಾತ್ರ. ದುರ್ಬಲ ಸೆಲ್ ಇನ್ನೂ ಕೆಳಗಿಳಿದಿರುತ್ತದೆ. ಅಂಥ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತುವ ಸಂಭವವುಂಟು. ಅವನ ಮನೆಯಲ್ಲಿ ಬ್ಯಾಟರಿ ಚಾರ್ಜಾಗುತ್ತಿದ್ದದ್ದು ತಂಗಿ ಮಲಗುವ ಕೋಣೆಯಲ್ಲಿ.

ಪರಿಹಾರ ಎರಡು ರೆಸಿಸ್ಟರ್‌ಗಳಲ್ಲಿದೆ. ಬ್ಯಾಟರಿಯ ವೋಲ್ಟೇಜನ್ನು ಭಾಗಿಸಿ ಚಿಪ್‌ಗೆ ತಿಳಿಸುವ ಜೋಡಿ ಇದು. ಮೇಲಿನದು 9 ಕಿಲೊ ಓಮ್, ಕೆಳಗಿನದು 1 ಎಂದಿಟ್ಟುಕೊಳ್ಳಿ. 31 ವೋಲ್ಟಿನಲ್ಲಿ ಚಿಪ್‌ಗೆ ಕಾಣುವುದು 3.1. ಮೇಲಿನದನ್ನು 12 ಮಾಡಿದರೆ ಅದೇ 3.1 ಕಾಣುವುದು 40.3 ವೋಲ್ಟಿನಲ್ಲಿ. ಪ್ರೌಢಶಾಲೆಯ ಓಮ್ ನಿಯಮದಷ್ಟೇ ಗಣಿತ!

ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ ನೋಂದಣಿಯಿಲ್ಲದೆ ಓಡಿಸುವ ಸೈಕಲ್ಲಿನ ಮೋಟಾರು 250 ವ್ಯಾಟ್‌ಗೆ, ವೇಗ ಗಂಟೆಗೆ 25 ಕಿಲೋಮೀಟರಿಗೆ ಒಳಗಿರಬೇಕು. ವೋಲ್ಟೇಜು ಏರಿಸಿದ ಸೈಕಲ್ ಈ ಮಿತಿ ದಾಟಿದರೆ ಅದನ್ನು ರಸ್ತೆಗೆ ತರುವಂತಿಲ್ಲ. ಕಾಲೇಜಿನ ಪ್ರಯೋಗಾಲಯವೇ ಇದಕ್ಕೆ ತಕ್ಕ ಜಾಗ, ಅಧ್ಯಾಪಕರೂ ಜೊತೆಗಿರಲಿ. ಪೆಟ್ಟಿಗೆ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ, ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಹರಿಯಬಿಡಿ. ಕೆಲಸ ಮುಗಿದ ಮೇಲೆ ಬ್ಯಾಟರಿಯ ಬದಲು ವೋಲ್ಟೇಜು ಹೊಂದಿಸಬಹುದಾದ ಪವರ್ ಸಪ್ಲೈ ಜೋಡಿಸಿ, ಚಕ್ರ ನೆಲ ಮುಟ್ಟದಂತೆ ಎತ್ತಿಟ್ಟು ನಿಧಾನವಾಗಿ ಇಳಿಸುತ್ತಾ ಹೋಗಿ. 40ರ ಹತ್ತಿರ ಮೋಟಾರು ನಿಂತಿತೇ? ಹಾಗಾದರೆ ಬ್ಯಾಟರಿ ಜೋಡಿಸಬಹುದು.